“ಇನ್ನಾ ಎಷ್ಟು ದಿನ ಹುಡುಗರ ಜೋಡಿ?”: ಹದಿವಯಸ್ಕರ ಸೇವೆಯಲ್ಲಿರುವವರ ಒಂದು ಆಪ್ತಸಲಹೆ ಪ್ರಕರಣ

ಬೀದರ್ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಿಂದ ಮೂವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಪತ್ನಿಯೊಂದಿಗೆ ಸಲಹೆಗೆ ಬಂದಿದ್ದರು. ಅವರ ಒಪ್ಪಿಗೆ ಪಡೆದು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ವಾರವಿಡೀ ಔಷಧಿ ಅಂಗಡಿಯಲ್ಲಿ ದುಡಿಯುವ ಇವರು ತಮ್ಮ ಮೆಥೋಡಿಸ್ಟ್ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) 12ರಿಂದ 15 ವರ್ಷದ ಹುಡುಗ ಹುಡುಗಿಯರ ಗುಂಪನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಈಗ ಹಿರಿಯರು ದೊಡ್ಡವರ ಪ್ರಾರ್ಥನಾ ಕೂಟದ ಹೊಣೆ ವಹಿಸಿಕೊಳ್ಳುವಂತೆ ಕೇಳಿದ್ದರು. “ಇನ್ನಾ ಎಷ್ಟು ದಿನ ಹುಡುಗರ ಜೋಡಿ ಕೂಡ್ತಿ?” ಎಂದು ಸಂಬಂಧಿಕರೂ ಒತ್ತಾಯಿಸುತ್ತಿದ್ದರು. ಅವರಿಗೆ ಬಿಡಲು ಮನಸ್ಸಿರಲಿಲ್ಲ. ಆ ಮನಸ್ಸೇ ಅವರನ್ನು ಕಾಡುತ್ತಿತ್ತು. “ನನಗ ಇದರಾಗ ಭಾಳ ಖುಷಿ ಅದರಿ. ಖುಷಿಗೇ ಮಾಡ್ಲಾಕತ್ತೀನಿ ಅಂದ್ರ ಅದು ಸೇವೆ ಹ್ಯಾಂಗ ಆಗ್ತದ?” ಎಂದು ಅವರು ಕೇಳಿದರು.

ಆ ಸಂತೋಷ ಯಾವುದರಲ್ಲಿದೆ ಎಂಬುದನ್ನು ಬಿಡಿಸಿ ಹೇಳುವಂತೆ ಕೋರಿದೆ. ತಾಯಿತಂದೆ ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರಿಂದ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಹುಡುಗಿಯೊಬ್ಬಳು, ಬಹುಕಾಲ ಹಿಂದಿನ ಸಾಲಿನಲ್ಲಿ ಬಾಯಿ ತೆರೆಯದೆ ಕೂತಿದ್ದವಳು, ಒಂದು ಭಾನುವಾರ ಬಾಯಿಪಾಠದ ಮಾತು ಬಿಟ್ಟು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ತನ್ನ ಅವ್ವನ ಬೆನ್ನುನೋವಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಿದ್ದನ್ನು ಹೇಳಿದರು. ಬೈಬಲ್ಲಿನ ಯೋಸೇಫನು ತನ್ನ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ ಇಡಿಸಿದ್ದು ಮೋಸವಲ್ಲವೇ ಎಂದು ಕೇಳಿದ ಹುಡುಗನಿಗೆ ಆ ಹೊತ್ತಿನಲ್ಲಿ ಸರಿಯಾದ ಉತ್ತರ ಹೊಳೆಯಲಿಲ್ಲವೆಂದೂ, ಇಬ್ಬರೂ ಸೇರಿ ಆ ಕಥೆಯಿರುವ ಆದಿಕಾಂಡವನ್ನು ಮತ್ತೆ ಓದಿದರೆಂದೂ ಹೇಳುವಾಗ ಅವರ ದನಿಯೇ ಬದಲಾಗಿತ್ತು. ಮೇ ತಿಂಗಳ ವಿಬಿಎಸ್ (ಮಕ್ಕಳ ರಜೆಯ ಬೈಬಲ್ ಶಾಲೆ), ಭಜನೆಗೆ ಢೋಲಕ್ ಕಲಿತ ಹುಡುಗರು, ಬೈಬಲ್ ಕ್ವಿಜ್, ಹೀಗೆ ಮಾತು ಬೆಳೆಯಿತು. ಅಂಗಡಿಯಿಂದ ದಣಿದು ಬಂದವರ ಮುಖದಲ್ಲಿ ಗೆಲುವು ಕಾಣುವುದು ಈ ಮಕ್ಕಳ ಮಾತು ಬಂದಾಗಲೇ ಎಂದು ಪತ್ನಿ ಹೇಳಿದರು. ಆ ಮಾತಿನಲ್ಲಿ ಮೆಚ್ಚುಗೆಯೊಂದಿಗೆ ಸಣ್ಣ ನೋವೂ ಇತ್ತು.

ಈ ವಯಸ್ಸಿನ ಮಕ್ಕಳೊಡನೆ ಸೇವೆ ಮಾಡುವವರ ಸಂತೋಷವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಪ್ಪ ಅವ್ವನಿಂದ ಬಂದ ವಿಶ್ವಾಸವನ್ನು ಮಗು ತನ್ನದಾಗಿಸಿಕೊಳ್ಳಲೋ ಬಿಡಲೋ ತೊಡಗುವುದು, ನ್ಯಾಯ ಅನ್ಯಾಯದ ಪ್ರಶ್ನೆ ಎತ್ತುವುದು ಈ ವರ್ಷಗಳಲ್ಲಿಯೇ. ಆಗ ಹೆತ್ತವರೂ ಅಲ್ಲದ, ಅಂಕ ಕೊಡುವ ಮಾಸ್ತರರೂ ಅಲ್ಲದ ಒಬ್ಬ ದೊಡ್ಡವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ದೊಡ್ಡ ಆಸರೆ. ಲೂಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದನು, ಕೇಳಿದವರೆಲ್ಲ ಅವನ ಬುದ್ಧಿಗೆ ಬೆರಗಾದರು. ಆ ಬೆರಗು ತಪ್ಪಲ್ಲದಿದ್ದರೆ ತಮ್ಮ ಸಂತೋಷವೂ ತಪ್ಪಲ್ಲ ಎಂದು ಅವರಿಗೆ ಹೇಳಿದೆ.

ಆದರೆ ಇನ್ನೊಂದನ್ನೂ ಕೇಳಲೇಬೇಕಿತ್ತು: ಮಕ್ಕಳು ಗುಂಪು ಬಿಟ್ಟು ಹೋದಾಗ ಏನನ್ನಿಸುತ್ತದೆ? ಪಿಯುಸಿಗೆಂದು ಕಲಬುರಗಿಗೆ ಹೋದ ಹುಡುಗನೊಬ್ಬ ಅಲ್ಲಿಯ ಸಭೆಯಲ್ಲಿ ಢೋಲಕ್ ನುಡಿಸುತ್ತಿದ್ದಾನೆಂದು ಕೇಳಿ ಮನಸ್ಸು ತುಂಬಿತ್ತು. ಊರಲ್ಲೇ ಇದ್ದು ಬೇರೆ ಸಭೆಗೆ ಹೋದ ಇನ್ನೊಬ್ಬನ ವಿಷಯದಲ್ಲಿ ಮಾತ್ರ ಇನ್ನೂ ಮುನಿಸಿತ್ತು. ರಾತ್ರಿ ಬಹಳ ಹೊತ್ತಿನವರೆಗೆ ಮಕ್ಕಳ ಮೆಸೇಜುಗಳಿಗೆ ಉತ್ತರಿಸುತ್ತಾರೆಂದು ಪತ್ನಿ ಸೇರಿಸಿದರು. ಮಕ್ಕಳು ಬೆಳೆಯುವುದರಿಂದ ಬರುವ ಸಂತೋಷವೂ, ಅವರಿಗೆ ತಾನು ಬೇಕು ಎಂಬುದರಿಂದ ಬರುವ ಸಂತೋಷವೂ ಇವರಲ್ಲಿ ಬೆರೆತಿದ್ದವು. ಎರಡನೆಯದು ಪಾಪವೆಂದು ನಾನು ಹೇಳಲಿಲ್ಲ. ಅದಕ್ಕೆ ಮಿತಿ ಬೇಕೆಂದು ಹೇಳಿದೆ.

ಹೊಸ ಹೊಣೆಯನ್ನು ಅಪರಾಧಿ ಭಾವವಿಲ್ಲದೆ ನಿರಾಕರಿಸಬಹುದು, ಆದರೆ ಕಾರಣವನ್ನು ಸಭಾಪಾಲಕರಿಗೆ (ಪಾಸ್ಟರಿಗೆ) ಖುದ್ದಾಗಿ ಹೇಳಬೇಕು ಎಂಬುದು ನನ್ನ ಮೊದಲ ಸಲಹೆಯಾಗಿತ್ತು. ಗುಂಪಿನಲ್ಲಿ ಹುಡುಗಿಯರೂ ಇರುವುದರಿಂದ ಒಬ್ಬ ಅಕ್ಕನವರನ್ನು ಜೊತೆಗೆ ತೆಗೆದುಕೊಳ್ಳಬೇಕು. ಯಾವ ಮಗುವಿನೊಂದಿಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬಾರದು. ಮೆಸೇಜುಗಳು ಹೆತ್ತವರೂ ಇರುವ ಗುಂಪಿನಲ್ಲಿಯೇ, ರಾತ್ರಿ ಊಟಕ್ಕೆ ಮೊದಲೇ ಮುಗಿಯಬೇಕು. ಮಗುವೊಂದು ಹೊಡೆತದ, ಬಾಲ್ಯವಿವಾಹದ ಅಥವಾ ಲೈಂಗಿಕ ಕಿರುಕುಳದ ವಿಷಯ ಹೇಳಿದರೆ ಯಾರಿಗೂ ಹೇಳುವುದಿಲ್ಲ ಎಂಬ ಮಾತು ಕೊಡಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಸಭೆಯ ಮರ್ಯಾದೆಯ ಹೆಸರಿನಲ್ಲಿ ಇದನ್ನು ಮುಚ್ಚುವುದು ಮಗುವಿಗೆ ಮಾಡುವ ಎರಡನೆಯ ಅನ್ಯಾಯ. ಈ ಮಾತನ್ನು ನಾನು ಒತ್ತಿ ಹೇಳಿದೆ.

ಎಸ್ಸೆಸ್ಸೆಲ್ಸಿಯ ವರ್ಷ ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ಹೆತ್ತವರೊಂದಿಗೆ ವಾದ ಬೇಡವೆಂದೂ, ಹದಿನೈದರವರಿಗೆ ವಿಬಿಎಸ್‌ನಲ್ಲಿ ಸಣ್ಣ ಮಕ್ಕಳ ತರಗತಿ ವಹಿಸಬೇಕೆಂದೂ, ಭಾನುವಾರದ ಸಂಜೆಯನ್ನು ಪತ್ನಿಗೂ ಸ್ವಂತ ಮಗುವಿಗೂ ಮೀಸಲಿಡಬೇಕೆಂದೂ ಒಪ್ಪಂದವಾಯಿತು.

ಬೇಸಿಗೆ ರಜೆ ಮುಗಿದ ಮೇಲೆ ದಂಪತಿ ಮತ್ತೆ ಬಂದರು. ಸಭೆಯ ಅಕ್ಕನವರೊಬ್ಬರು ಗುಂಪಿಗೆ ಸೇರಿದ್ದಾರೆ. ಬೇರೆ ಸಭೆಗೆ ಹೋದ ಹುಡುಗನ ಮನೆಗೆ ಹೋಗಿ, ಮರಳಿ ಬಾ ಎನ್ನದೆ ಬರೀ ಮಾತಾಡಿಸಿ ಬರುವುದು ಇನ್ನೂ ಬಾಕಿಯಿದೆ. ದೊಡ್ಡವರ ಕೂಟದಲ್ಲಿ ತಿಂಗಳಿಗೊಮ್ಮೆ ಮಾತ್ರ ಬೈಬಲ್ ವಾಕ್ಯದ ಬೋಧನೆ ಮಾಡಲು ಇವರು ಒಪ್ಪಿ, ಪ್ರತಿ ಸಲ ಗುಂಪಿನ ಇಬ್ಬರು ಮಕ್ಕಳಿಗೂ ಸಾಕ್ಷಿ, ಅಂದರೆ ತಮ್ಮ ವಿಶ್ವಾಸದ ಅನುಭವ, ಹೇಳುವ ಅವಕಾಶ ಕೇಳಿದ್ದರು. ಸಭಾಪಾಲಕರು ಅದಕ್ಕೆ ಸಮ್ಮತಿಸಿದ್ದಾರೆ.