ಎಚ್ಚರ ತಪ್ಪಿದ ಮೇಲೆ ಸ್ಟೇರಿಂಗ್ ಹಿಡಿಯಬಹುದೇ?

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರಿಗೆ 56 ವರ್ಷ, ಬಿ.ಪಿ. ಮಾತ್ರೆ ತಗೊಳ್ತಾರೆ. ಹೋದ ವಾರ ಟಿ.ವಿ. ನೋಡುತ್ತಾ ಕೂತಲ್ಲೇ ಎಚ್ಚರ ತಪ್ಪಿದರು. ಒಂದೇ ನಿಮಿಷದಲ್ಲಿ ಸರಿಹೋದರು. ಈಗ ಕಾರು ಓಡಿಸುತ್ತೇನೆ ಅಂತಾರೆ. ಬಿಡಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಬೇಡಮ್ಮ, ಸದ್ಯಕ್ಕೆ ಕಾರೂ ಬೇಡ, ಸ್ಕೂಟರೂ ಬೇಡ. ಬಿಸಿಲಲ್ಲಿ ಬಹಳ ಹೊತ್ತು ನಿಂತು, ಬೆವರಿ, ವಾಕರಿಕೆ ಬಂದು, ಕಣ್ಣು ಕತ್ತಲಿಟ್ಟು ಬಿದ್ದರೆ ಅದು ಸಾಮಾನ್ಯವಾಗಿ ಅಪಾಯದ್ದಲ್ಲ. ಕೂತಲ್ಲೇ, ಯಾವ ಮುನ್ಸೂಚನೆಯೂ ಇಲ್ಲದೆ ಹೀಗಾದರೆ ಮೊದಲು ಹೃದಯದ ಬಡಿತದ ಮೇಲೆ ಅನುಮಾನ ಪಡಬೇಕು. ಬಡಿತ ಕೆಲವು ಸೆಕೆಂಡು ನಿಂತರೂ ಮಿದುಳಿಗೆ ರಕ್ತ ಸಾಲದು.

ಇವತ್ತೇ ಇ.ಸಿ.ಜಿ. ಮಾಡಿಸಿ. ಅದು ಸರಿಯಿದೆ ಎಂದು ಸುಮ್ಮನಾಗಬೇಡಿ. ಎಕೋ (ಹೃದಯದ ಸ್ಕ್ಯಾನ್), 24 ಗಂಟೆಯ ಹೋಲ್ಟರ್ (ಮೈಮೇಲೆ ಕಟ್ಟಿಕೊಂಡು ಹೃದಯದ ಬಡಿತ ದಾಖಲಿಸುವ ಯಂತ್ರ) ಬಗ್ಗೆ ಹೃದ್ರೋಗ ತಜ್ಞರನ್ನು ಕೇಳಿ. ಮಲಗಿಸಿ ಬಿ.ಪಿ. ನೋಡಿ, ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಇಳಿದರೆ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ಪ್ರಾಸ್ಟೇಟ್ ಮಾತ್ರೆಯಿದ್ದರೆ ಅದನ್ನೂ ತಿಳಿಸಿ; ಅದೂ ಬಿ.ಪಿ. ಇಳಿಸಬಹುದು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಲೈಸೆನ್ಸಿಗೆ ಕೊಡುವ ಫಾರಂ 1ರಲ್ಲಿ ಹಠಾತ್ ಪ್ರಜ್ಞೆ ತಪ್ಪುತ್ತದೆಯೇ ಎಂಬ ಪ್ರಶ್ನೆಯಿದೆ; ನವೀಕರಣದ ಹೊತ್ತಿಗೆ ಮುಚ್ಚಿಡಬೇಡಿ.

ಕಾರಣ ಸಿಕ್ಕಿ, ಚಿಕಿತ್ಸೆಯಾಗಿ, ತಜ್ಞರು ಒಪ್ಪಿದ ಮೇಲೆ ಓಡಿಸಲಿ. ಆಗಲೂ ತಲೆ ಹಗುರಾದಂತೆ ಅನಿಸಿದ ಕ್ಷಣವೇ ಎಡಕ್ಕೆ ಇಂಡಿಕೇಟರ್ ಹಾಕಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಸೀಟು ಹಿಂದಕ್ಕೆ ಬಾಗಿಸಿ ಮಲಗಬೇಕು. ‘ಮನೆ ಹತ್ತಿರವೇ ಇದೆ’ ಎಂದು ಮುಂದೆ ಹೋಗುವುದು ಬೇಡವೇ ಬೇಡ.