ಮ್ಯಾನೇಜರ ನೋಟ್‌ಬುಕ್ಕಿನಲ್ಲಿರುವ 26 ಗಂಟೆ

ಪ್ರಶ್ನೆ: ಅಮೆರಿಕಕ್ಕೆ ಬಂದು ಆರು ವರ್ಷವಾಯಿತು. ಒಂದು ಗೋದಾಮಿನ ಪ್ಯಾಕಿಂಗ್ ವಿಭಾಗದಲ್ಲಿ ಗಂಟೆಗೆ 20 ಡಾಲರ್‌ನಂತೆ ವಾರಕ್ಕೆ 40 ಗಂಟೆ ಕೆಲಸ ಮಾಡುತ್ತೇನೆ. ನಮ್ಮ ಮನೆಯವರದು ಬೇರೆ ಕಡೆ ರಾತ್ರಿ ಪಾಳಿ. ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಆರ್ಡರ್ ಜಾಸ್ತಿಯಾದ ಮೇಲೆ ಶಿಫ್ಟ್ ಮುಗಿದರೂ ನಿಲ್ಲಬೇಕಾಗುತ್ತಿದೆ. ಮ್ಯಾನೇಜರ್ ಒಳ್ಳೆಯವರು. "ಹೆಚ್ಚಿನ ಗಂಟೆಗೆ ದುಡ್ಡಿನ ಬದಲು ರಜೆ ಬರೆದಿಟ್ಟುಕೊಳ್ಳುತ್ತೇನೆ. ಮಕ್ಕಳಿಗೆ ಬೇಕಾದಾಗ ತಗೊಳ್ಳಿ, ಗಂಟೆಗೆ ಗಂಟೆ" ಅಂದರು. ನನಗೆ ಖುಷಿಯೇ ಆಯಿತು. ಈಗ 26 ಗಂಟೆ ಆಗಿದೆ. ಆದರೆ ಮೊನ್ನೆ ಮಗನಿಗೆ ಜ್ವರ ಬಂದಾಗ ಕೇಳಿದರೆ, "ಈ ವಾರ ಟ್ರಕ್ ಬರ್ತಿದೆ, ಮುಂದಿನ ತಿಂಗಳು ನೋಡೋಣ" ಎಂದರು. ಮನೆಯವರು ಮೊದಲಿನಿಂದಲೂ ದುಡ್ಡೇ ಕೇಳು ಅನ್ನುತ್ತಾರೆ. ಮಕ್ಕಳ ಜೊತೆಗಿನ ಸಮಯಕ್ಕೆ ಬೆಲೆ ಕಟ್ಟಲಾಗದು ಅನ್ನುವುದು ನನ್ನ ವಾದ. ಮಾತಿಗೆ ಮಾತು ಬೆಳೆದು, "ನಿನಗೆ ಮನೆ ಕಷ್ಟ ಗೊತ್ತಾಗಲ್ಲ" ಅಂದುಬಿಟ್ಟರು. ಪಕ್ಕದ ಮನೆಯಾಕೆ ನಗರಾಡಳಿತದ ಲೈಬ್ರರಿಯಲ್ಲಿದ್ದಾಳೆ, ಅವಳಿಗೆ ರಜೆಯೇ ಸಿಗುತ್ತದೆ. ನಾನು ಯಾವುದನ್ನು ಆರಿಸಿಕೊಳ್ಳಲಿ, ದುಡ್ಡನ್ನೋ ಸಮಯವನ್ನೋ?
– ಹೆಸರು ಬೇಡ

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು "ಬರೆದಿಟ್ಟುಕೊಳ್ಳುತ್ತೇನೆ" ಎಂಬ ಮಾತಿನ ಮೇಲೆ. ಬರೆದಿಟ್ಟುಕೊಂಡವರು ಅವರು, ದುಡಿದವರು ನೀವು. ಅಂಗಡಿಯವರು ಉದ್ರಿ ಕೊಟ್ಟಾಗ ಲೆಕ್ಕದ ಪುಸ್ತಕ ಅಂಗಡಿಯವರ ಹತ್ತಿರ ಇರುತ್ತದೆ. ಇಲ್ಲಿ ಉದ್ರಿ ಕೊಟ್ಟವರು ನೀವು, ಪುಸ್ತಕ ಮಾತ್ರ ಸಾಲಗಾರರ ಕೈಯಲ್ಲಿದೆ! ಸಾಲ ಯಾವಾಗ ತೀರಿಸಬೇಕು ಎಂದು ತೀರ್ಮಾನಿಸುವವರೂ ಅವರೇ. ನೀವೂ ನಿಮ್ಮ ಮನೆಯವರೂ ದುಡ್ಡೋ ಸಮಯವೋ ಎಂದು ಜಗಳವಾಡುತ್ತಾ ಕೂತಿದ್ದೀರಿ. ನೋಡಿದರೆ ಎರಡೂ ಆ ನೋಟ್‌ಬುಕ್ಕಿನಲ್ಲೇ ಇವೆ. ಮಗನಿಗೆ ಜ್ವರ ಬಂದ ದಿನ ಮನೆಗೆ ದುಡ್ಡೂ ಬಂದಿರಲಿಲ್ಲ, ನೀವೂ ಬಂದಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಈ 26 ಗಂಟೆಗೆ ದುಡ್ಡು ತೆಗೆದುಕೊಳ್ಳಿ. ಸಮಯ ಬೇಕೆಂಬ ನಿಮ್ಮ ಆಸೆ ತಪ್ಪೆಂದು ಹೀಗೆ ಹೇಳುತ್ತಿಲ್ಲ. ಆ ಸಮಯ ಸಿಗುವ ದಾರಿ ಇದೇ ಎಂದು ಹೇಳುತ್ತಿದ್ದೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ, ಯಾಕೆಂದರೆ ನಿಮ್ಮ ಮುಂದೆ ಇಟ್ಟಿರುವ ಆಯ್ಕೆಯೇ ಅಸಲಿ ಅಲ್ಲ. ಅಮೆರಿಕದಲ್ಲಿ 1938ರಿಂದ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ಎಂಬ ಕಾನೂನಿದೆ. ಗಂಟೆ ಲೆಕ್ಕದಲ್ಲಿ ದುಡಿಯುವ ನಿಮ್ಮಂಥವರು ವಾರದಲ್ಲಿ 40 ಗಂಟೆ ದಾಟಿದರೆ, ದಾಟಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ಕೂಲಿ ಕೊಡಲೇಬೇಕು. ಖಾಸಗಿ ಕಂಪನಿಗಳು ಆ ಹಣದ ಬದಲಿಗೆ ಮುಂದೆಂದೋ ತೆಗೆದುಕೊಳ್ಳುವ ರಜೆ ಕೊಡುವಂತಿಲ್ಲ. ನೀವೇ ಒಪ್ಪಿದರೂ ಇಲ್ಲ. ಈ ಹಕ್ಕನ್ನು ಕೆಲಸಗಾರರು ತಾವಾಗಿ ಬಿಟ್ಟುಕೊಟ್ಟರೂ ಅದು ಬಿಟ್ಟುಹೋಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1945ರಲ್ಲೇ ಹೇಳಿದೆ. "ಅವತ್ತು ನಾನೇ ತಲೆಯಾಡಿಸಿದ್ದೆನಲ್ಲ, ಈಗ ಹೇಗೆ ಕೇಳಲಿ" ಎಂಬ ಅಳುಕು ನಿಮಗಿದ್ದರೆ ಅದನ್ನು ಇವತ್ತೇ ಬಿಡಿ.

ಪಕ್ಕದ ಮನೆಯಾಕೆಯ ಕಥೆ ಬೇರೆ. ಆಕೆ ಸರ್ಕಾರದ ನೌಕರಳು. ರಾಜ್ಯ, ನಗರ, ಕೌಂಟಿಗಳ ನೌಕರರಿಗೆ ಓವರ್‌ಟೈಮ್ ಹಣದ ಬದಲು ರಜೆ ಕೊಡಲು 1985ರಲ್ಲಿ ತಿದ್ದುಪಡಿ ತಂದು ಅವಕಾಶ ಮಾಡಿದರು. ಇದನ್ನೇ ಅಲ್ಲಿ ಕಾಂಪ್ ಟೈಮ್ ಅನ್ನುವುದು. ಅದಕ್ಕೂ ಕಟ್ಟುಪಾಡುಗಳಿವೆ. ರಜೆ ಗಂಟೆಗೆ ಗಂಟೆ ಅಲ್ಲ, ಗಂಟೆಗೆ ಒಂದೂವರೆ ಗಂಟೆ. ಸಾಮಾನ್ಯ ನೌಕರರು 240 ಗಂಟೆ, ಪೊಲೀಸರು ಅಗ್ನಿಶಾಮಕದವರು 480 ಗಂಟೆ ಕೂಡಿಡಬಹುದು, ಅದರಾಚೆಗಿನದ್ದಕ್ಕೆ ಹಣವೇ ಕೊಡಬೇಕು. ಕೆಲಸ ಬಿಟ್ಟರೆ ಉಳಿದ ಗಂಟೆಗಳಿಗೆ ಹಣ ಎಣಿಸಬೇಕು. ಇಷ್ಟೆಲ್ಲ ಇದ್ದೂ, ಕೂಡಿಟ್ಟ ರಜೆಯನ್ನು ಈಗಲೇ ತಗೋ ಎಂದು ನೌಕರರನ್ನು ಬಲವಂತ ಮಾಡುವ ಅಧಿಕಾರ ಮೇಲಿನವರಿಗಿದೆ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂದರೆ ಆಕೆಯ ಸಮಯವೂ ಪೂರ್ತಿ ಆಕೆಯದಲ್ಲ. ಬೇಲಿಯಾಚೆಯ ಹುಲ್ಲು ಅಷ್ಟೇನೂ ಹಸಿರಾಗಿಲ್ಲ ತಾಯಿ.

ಖಾಸಗಿ ಕಂಪನಿಗಳಿಗೂ ಈ ಕಾಂಪ್ ಟೈಮನ್ನು ತೆರೆಯಬೇಕೆಂದು ವರ್ಕಿಂಗ್ ಫ್ಯಾಮಿಲೀಸ್ ಫ್ಲೆಕ್ಸಿಬಿಲಿಟಿ ಆಕ್ಟ್ ಎಂಬ ಮಸೂದೆ 2013ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಕೆಳಮನೆಯಲ್ಲಿ ಪಾಸಾಯಿತು. ಮೇಲ್ಮನೆಯಾದ ಸೆನೆಟ್ ದಾಟಲಿಲ್ಲ. ಹೆಸರಿನಲ್ಲಿ ಕುಟುಂಬವಿದೆ, ಕೇಳಲು ಇಂಪಾಗಿದೆ. ಆದರೆ ಅದನ್ನು ವಿರೋಧಿಸಿದವರು ಕೇಳಿದ್ದು ನಿಮ್ಮ ಮಗನ ಜ್ವರದ ಪ್ರಶ್ನೆಯನ್ನೇ: ರಜೆ ಯಾವ ದಿನ ಅಂತ ನಿರ್ಧರಿಸುವವರು ಯಾರು?

ಈಗ ಲೆಕ್ಕಕ್ಕೆ ಬರೋಣ. ನನಗೆ ಲೆಕ್ಕವೆಂದರೆ ಅಷ್ಟಕ್ಕಷ್ಟೆ, ಆದರೂ ಇದನ್ನು ಕಾಗದದ ಮೇಲೆ ಬರೆದು ನೋಡಿದೆ. ಗಂಟೆಗೆ 20 ಡಾಲರ್ ಅಂದರೆ ಓವರ್‌ಟೈಮ್ ಗಂಟೆಗೆ 30. ಇಪ್ಪತ್ತಾರು ಗಂಟೆಗೆ 780 ಡಾಲರ್. ನಿಮ್ಮ ಮ್ಯಾನೇಜರ್ ಮಾತು ಕೊಟ್ಟಿರುವುದು 26 ಗಂಟೆ ರಜೆ, ಅದರ ಬೆಲೆ 520 ಡಾಲರ್. ಅವರು ಮಾತು ತಪ್ಪದೆ, ಕೇಳಿದ ದಿನವೇ ರಜೆ ಕೊಟ್ಟರೂ ನಿಮಗೆ 260 ಡಾಲರ್ ಖೋತಾ. ಇನ್ನೊಂದು ಬಗೆಯಲ್ಲಿ ನೋಡಿ. 780 ಡಾಲರ್ ಕೈಗೆ ಬಂತೆನ್ನಿ. ಆಮೇಲೆ ನೀವು ಸಂಬಳವಿಲ್ಲದ ರಜೆ ಹಾಕಿದರೆ, ಒಂದು ಪೈಸೆ ನಷ್ಟವಾಗದೆ ಎಷ್ಟು ಗಂಟೆ ಮನೆಯಲ್ಲಿರಬಹುದು? 39 ಗಂಟೆ. ಹೆಚ್ಚುಕಡಿಮೆ ಒಂದು ಪೂರ್ತಿ ವಾರ. ಸಮಯವೇ ಬೇಕು ಎಂದವರು ನೀವು. ಹೆಚ್ಚು ಸಮಯ ಇರುವುದು ನಿಮ್ಮ ಮನೆಯವರ ಲೆಕ್ಕದಲ್ಲಿ! ಇದನ್ನು ಅವರಿಗೆ ಹೇಳುವಾಗ ಮುಖದ ಮೇಲೆ ನಗು ಇರಲಿ, ಇಲ್ಲದಿದ್ದರೆ ಗೆದ್ದೆ ಎಂದು ಇನ್ನೊಂದು ವಾರ ಕುಣಿಯುತ್ತಾರೆ.

ಸಂಬಳವಿಲ್ಲದ ರಜೆಗೂ ಮ್ಯಾನೇಜರ್ ಹೂಂ ಅನ್ನಬೇಕಲ್ಲ ಎಂದು ನೀವು ಕೇಳಬಹುದು. ಹೌದು, ಅನ್ನಬೇಕು. ಆದರೆ ಅವರು ಬೇಡ ಎಂದರೆ ಆಗ ತಪ್ಪುವುದು ರಜೆ ಒಂದೇ. ಈಗ ರಜೆ ತಪ್ಪಿದ ದಿನ ನಿಮ್ಮ ಹಣವೂ ಅವರ ಬಳಿ ಒತ್ತೆಯಲ್ಲಿದೆ. ನೀವು ನಾಳೆ ಕೆಲಸ ಬಿಟ್ಟರೆ, ಅವರಿಗೆ ವರ್ಗವಾದರೆ, ಆ ನೋಟ್‌ಬುಕ್ಕು ಕಳೆದುಹೋದರೆ ಏನು ಗತಿ? ಹೊಸ ಮ್ಯಾನೇಜರ್ "ಯಾವ 26 ಗಂಟೆ?" ಅನ್ನುತ್ತಾರೆ. ನಾನೂ ಒಂದು ಕಾಲಕ್ಕೆ ನೌಕರಿ ಮಾಡಿದವಳು. ಭಾನುವಾರಗಳಲ್ಲಿ ದುಡಿದು ಬದಲಿ ರಜೆ ಕೂಡಿಟ್ಟುಕೊಂಡಿದ್ದೆ, ಮಗಳ ಪರೀಕ್ಷೆ ಸಮಯಕ್ಕೆ ಆಗುತ್ತದೆಂದು. ಕೇಳಲು ಹೋದಾಗ ಅಧಿಕಾರಿ ಬದಲಾಗಿದ್ದರು. ಆ ಭಾನುವಾರಗಳೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಾದವು. ಮಗಳು ಪಾಸಾದಳು, ಅದು ಬೇರೆ ಮಾತು.

ನಿಮ್ಮ ಮ್ಯಾನೇಜರ್ ಕೆಟ್ಟವರೆಂದು ನಾನು ಅನ್ನುವುದಿಲ್ಲ. ಓವರ್‌ಟೈಮ್ ಖರ್ಚು ಇಷ್ಟೇ ಇರಬೇಕೆಂದು ಮೇಲಿನಿಂದ ಅವರ ಮೇಲೂ ಒತ್ತಡ ಇರಬಹುದು. ನೋಟ್‌ಬುಕ್ಕಿಗೆ ಹೋದ ಗಂಟೆ ಖರ್ಚಿನ ಪಟ್ಟಿಯಲ್ಲಿ ಕಾಣುವುದಿಲ್ಲ. ನಿಮಗೆ ಉಪಕಾರ ಮಾಡುತ್ತಿದ್ದೇನೆಂದು ಅವರು ಮನಸಾರೆ ನಂಬಿರಲೂಬಹುದು. ಆದರೆ ಒಂದೂವರೆ ಪಟ್ಟು ಎಂಬ ನಿಯಮ ಇರುವುದೇ ಈ ಒತ್ತಡ ಅವರಿಗೆ ತಟ್ಟಲಿ ಎಂದು. ಹೆಚ್ಚು ಹೊತ್ತು ದುಡಿಸುವುದು ದುಬಾರಿಯಾದರೆ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಇದ್ದವರನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸುತ್ತಾರೆ ಎಂಬುದು 1938ರವರ ಯೋಚನೆ. ನಿಮ್ಮ ಹೆಚ್ಚುವರಿ ಗಂಟೆ ಅವರಿಗೆ ಪುಕ್ಕಟೆಯಾಗಿ ಸಿಗುತ್ತಿರುವಷ್ಟು ದಿನ, ನಿಮ್ಮನ್ನು ಬೇಗ ಮನೆಗೆ ಕಳಿಸಲು ಅವರಿಗೆ ಯಾವ ಕಾರಣವೂ ಇಲ್ಲ.

ಏನು ಮಾಡಬೇಕು ಈಗ? ಒಂದು ಪುಸ್ತಕ ನೀವೂ ಇಟ್ಟುಕೊಳ್ಳಿ. ಯಾವ ದಿನ ಎಷ್ಟು ಗಂಟೆಗೆ ಒಳಗೆ ಹೋದಿರಿ, ಎಷ್ಟಕ್ಕೆ ಹೊರಗೆ ಬಂದಿರಿ, ನೆನಪಿರುವಷ್ಟನ್ನು ಇವತ್ತು ರಾತ್ರಿಯೇ ಬರೆಯಿರಿ. ಮ್ಯಾನೇಜರ್ ಕಳಿಸಿದ ಮೆಸೇಜುಗಳಿದ್ದರೆ ಅಳಿಸಬೇಡಿ. ವಾರ ವಾರವನ್ನೂ ಬೇರೆ ಬೇರೆಯಾಗಿ ಕೂಡಿ: ಓವರ್‌ಟೈಮ್ ಲೆಕ್ಕ ಒಂದೊಂದು ವಾರಕ್ಕೆ ಪ್ರತ್ಯೇಕ, ಒಂದು ವಾರ 46, ಮುಂದಿನ ವಾರ 34 ಎಂದು ಎರಡನ್ನೂ ಸೇರಿಸಿ ಸರಿದೂಗಿಸುವಂತಿಲ್ಲ. ಹಾಗೆಯೇ ಯಾವುದೋ ವಾರ ನೀವು ರಜೆ ಹಾಕಿ ಪಾಳಿಯಲ್ಲಿ 36 ಗಂಟೆ ಮಾತ್ರ ದುಡಿದಿದ್ದರೆ, ಆ ವಾರ ಹೆಚ್ಚಾಗಿ ನಿಂತ ಗಂಟೆಗಳಲ್ಲಿ 40 ತುಂಬುವವರೆಗಿನ ನಾಲ್ಕಕ್ಕೆ ಮಾಮೂಲಿ ಕೂಲಿ ಅಷ್ಟೆ. ಹಾಗಾಗಿ ನಿಮ್ಮ 26ರಲ್ಲಿ ನಿಜವಾದ ಓವರ್‌ಟೈಮ್ ಎಷ್ಟು ಎಂಬುದು ನಿಮಗೇ ಮೊದಲು ಸ್ಪಷ್ಟವಾಗಿರಲಿ. ಕ್ಯಾಲಿಫೋರ್ನಿಯಾದಲ್ಲಿದ್ದರೆ ದಿನಕ್ಕೆ 8 ಗಂಟೆ ದಾಟಿದರೂ ಓವರ್‌ಟೈಮ್ ಎಂಬುದು ನೆನಪಿರಲಿ.

ಆಮೇಲೆ ಮ್ಯಾನೇಜರ ಹತ್ತಿರ ಹೋಗಿ. ಕಾನೂನು ಪುಸ್ತಕ ಹಿಡಿದು ಹೋಗುವುದು ಬೇಡ. "ನಮ್ಮ ಮನೆಗೆ ಈಗ ಹಣ ಬೇಕಾಗಿದೆ, ಈ ಗಂಟೆಗಳನ್ನು ಮುಂದಿನ ಸಂಬಳದಲ್ಲಿ ಓವರ್‌ಟೈಮ್ ಆಗಿ ಸೇರಿಸಿಬಿಡಿ, ಇನ್ನು ಮುಂದೆಯೂ ಹಾಗೇ ಮಾಡೋಣ" ಅಂದರೆ ಸಾಕು. ಮಾತಾಡಿ ಬಂದ ಮೇಲೆ ಅದನ್ನೇ ಎರಡು ಸಾಲಿನಲ್ಲಿ ಈಮೇಲ್ ಮಾಡಿ. ಒಪ್ಪದಿದ್ದರೆ ಎಚ್‌ಆರ್ ಅಥವಾ ಸಂಬಳದ ವಿಭಾಗಕ್ಕೆ ಹೋಗಿ. ಈ ನೋಟ್‌ಬುಕ್ ಇರುವುದು ಅವರಿಗೆ ಗೊತ್ತೇ ಇರಲಿಕ್ಕಿಲ್ಲ ಎಂದು ನನ್ನ ಗುಮಾನಿ. ಅಲ್ಲೂ ಆಗದಿದ್ದರೆ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್ ಇದೆ. ದೂರು ಕೊಟ್ಟವರ ಹೆಸರನ್ನು ಅವರು ಗುಟ್ಟಾಗಿಡುತ್ತಾರೆ. ಬಾಕಿ ವಸೂಲಿಗೆ ಎರಡು ವರ್ಷ, ಕಂಪನಿ ಗೊತ್ತಿದ್ದೇ ಮಾಡಿದ್ದರೆ ಮೂರು ವರ್ಷದ ಅವಧಿ ಇದೆ. ಕೇಸು ಗೆದ್ದರೆ ಬಾಕಿಯಷ್ಟೇ ಮೊತ್ತ ಪರಿಹಾರವಾಗಿಯೂ ಸಿಗಬಹುದು. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಹಾಗೆಂದು ಯಾರೂ ತೆಗೆಯುವುದಿಲ್ಲ ಎಂದು ನಿಮಗೆ ಭರವಸೆ ಕೊಡಲಾರೆ. ಅದಕ್ಕೇ ಮೊದಲ ಮೆಟ್ಟಿಲು ಮೃದುವಾಗಿರಲಿ ಅಂದೆ.

ಸಮಯದ ವಿಷಯಕ್ಕೆ ಬಂದರೆ, ಕಾನೂನಿನೊಳಗೇ ಒಂದು ಸಲೀಸಾದ ದಾರಿಯಿದೆ. ಅದನ್ನು ಮ್ಯಾನೇಜರಿಗೆ ನೀವೇ ಸೂಚಿಸಿ. ಒಂದೇ ವಾರದೊಳಗೆ ಗಂಟೆಗಳನ್ನು ಹಿಂದೆಮುಂದೆ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮಗಳ ಶಾಲೆಯಲ್ಲಿ ಶುಕ್ರವಾರ ಕಾರ್ಯಕ್ರಮವಿದ್ದರೆ ಸೋಮವಾರ, ಮಂಗಳವಾರ ಎರಡೆರಡು ಗಂಟೆ ಹೆಚ್ಚು ನಿಂತು ಶುಕ್ರವಾರ ನಾಲ್ಕು ಗಂಟೆ ಮೊದಲೇ ಹೊರಡಿ. ವಾರದ ಮೊತ್ತ 40 ದಾಟುವುದಿಲ್ಲ, ಅವರಿಗೆ ಹೆಚ್ಚು ಖರ್ಚಿಲ್ಲ, ನಿಮಗೆ ಖೋತಾ ಇಲ್ಲ. ದಿನದ ಓವರ್‌ಟೈಮ್ ಇರುವ ರಾಜ್ಯಗಳಲ್ಲಿ ಮಾತ್ರ ಇದು ಇಷ್ಟು ಸುಲಭವಲ್ಲ. ಮಕ್ಕಳ ಜ್ವರಕ್ಕೆ ಇದು ಆಗಿಬರುವುದಿಲ್ಲ, ಜ್ವರ ಸೋಮವಾರವೇ ಹೇಳಿ ಬರುವುದಿಲ್ಲವಲ್ಲ. ಖಾಸಗಿಯವರು ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕಾನೂನು ಇಡೀ ದೇಶಕ್ಕೆ ಅನ್ವಯಿಸುವಂತೆ ಇಲ್ಲ. ಆದರೆ ಹಲವು ರಾಜ್ಯಗಳು, ಕೆಲವು ನಗರಗಳು ತಮ್ಮದೇ ಸಿಕ್ ಲೀವ್ ನಿಯಮ ಮಾಡಿಕೊಂಡಿವೆ, ಅವು ಮಕ್ಕಳ ಕಾಯಿಲೆಗೂ ಸಲ್ಲುತ್ತವೆ. ನೀವಿರುವ ರಾಜ್ಯದಲ್ಲಿದೆಯೇ ವಿಚಾರಿಸಿ. ಇದ್ದರೆ, ನಿಮ್ಮದೇ ರಜೆ ಅಲ್ಲಿ ಬಿದ್ದಿರುವಾಗ ಆ ಮನುಷ್ಯನ ನೋಟ್‌ಬುಕ್ಕಿಗೆ ಕೈಯೊಡ್ಡುತ್ತಿದ್ದಿರಿ ಎಂದಾಗುತ್ತದೆ.

ತೆರಿಗೆಯ ಒಂದು ಸಣ್ಣ ವಿಚಾರ, ನಿಮ್ಮ ಮನೆಯವರಿಗೆ ಇಷ್ಟವಾಗುತ್ತದೆ. 2025ರಿಂದ 2028ರ ವರೆಗೆ ಓವರ್‌ಟೈಮಿನ ಹೆಚ್ಚುವರಿ ಭಾಗವನ್ನು, ಅಂದರೆ ನಿಮ್ಮ 30 ಡಾಲರಿನಲ್ಲಿ ಮೇಲಿನ 10 ಡಾಲರನ್ನು, ಫೆಡರಲ್ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಗಂಡ ಹೆಂಡತಿ ಸೇರಿ ರಿಟರ್ನ್ ಸಲ್ಲಿಸಿದರೆ ವರ್ಷಕ್ಕೆ 25,000 ಡಾಲರ್ ವರೆಗೆ. ಸಂಬಳದ ಚೀಟಿಯಲ್ಲಿ ಓವರ್‌ಟೈಮ್ ಎಂದು ನಮೂದಾಗಿರಬೇಕಾದ ಅಗತ್ಯ ಇದಕ್ಕೂ ಇದೆ.

ಇನ್ನು ಮನೆಯೊಳಗಿನ ಮಾತು. "ನಿನಗೆ ಮನೆ ಕಷ್ಟ ಗೊತ್ತಾಗಲ್ಲ" ಎಂಬುದು ಚುಚ್ಚುವ ಮಾತೇ. ಆದರೆ ಅವರು ರಾತ್ರಿಯಿಡೀ ದುಡಿದು ಬೆಳಗ್ಗೆ ಮನೆಗೆ ಬರುವವರು. ನೀವು ಸಂಜೆಯಾದರೂ ಬಾರದಿದ್ದಾಗ, ನಿದ್ದೆ ಬಿಟ್ಟು ಎದ್ದು ಮಕ್ಕಳನ್ನು ನೋಡಿಕೊಂಡವರು ಅವರೇ ಇರಬೇಕಲ್ಲವೇ? ನಿಮ್ಮ ಪತ್ರದಲ್ಲಿ ಆ ಮಾತು ಬಂದಿಲ್ಲ. ಆ 26 ಗಂಟೆ ನಿಮ್ಮ ಮೈಯಿಂದಷ್ಟೇ ಬಂದದ್ದಲ್ಲ, ಅವರ ನಿದ್ದೆಯಿಂದಲೂ ಬಂದಿದೆ. ದುಡ್ಡು ಕೇಳು ಎನ್ನುವಾಗ ಅವರು ಕೇಳುತ್ತಿರುವುದು ಆ ನಿದ್ದೆಯ ಲೆಕ್ಕವನ್ನೂ ಇರಬಹುದು. ಒಮ್ಮೆ ಕೇಳಿ ನೋಡಿ.

ಹಣ ಬಂದಾಗ ಅದರಲ್ಲಿ ಒಂದಿಷ್ಟನ್ನು ಮನೆಖರ್ಚಿಗೆ ಸೇರಿಸದೆ ಬೇರೆ ಇಡಿ, ಸಂಬಳವಿಲ್ಲದ ರಜೆಗೆಂದೇ. ಎಷ್ಟು ಎಂದು ಇಬ್ಬರೂ ಕೂತು ಮಾತಾಡಿ, ಇಬ್ಬರಿಗೂ ನಿದ್ದೆಯಾದ ಒಂದು ದಿನ ನೋಡಿಕೊಂಡು. ಅದರ ಪುಸ್ತಕ ಮಾತ್ರ ನಿಮ್ಮ ಮನೆಯಲ್ಲೇ ಇರಲಿ.

ಮಗನ ಜ್ವರ ಇಷ್ಟೊತ್ತಿಗೆ ಇಳಿದಿರಬೇಕು. ಮ್ಯಾನೇಜರ್ ಏನೆಂದರು ಎಂದು ಎರಡು ಸಾಲು ಬರೆಯಿರಿ.