‘ನಿನಗೆ ಬೇಡವಾದರೆ ಬೇಡ’ ಅನ್ನೋದು ಎಷ್ಟನೇ ಸಲ?

ಪ್ರಶ್ನೆ: ನನಗೆ 28 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಿಶ್ಚಿತಾರ್ಥ ಆಗಿದೆ, ಮದುವೆಗೆ ಮೂರು ತಿಂಗಳಿದೆ. ಅಮೆರಿಕದ ಲೇಖಕ ಹೆಮಿಂಗ್ವೇ ಬರೆದ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ ಕಥೆಯನ್ನು ಹುಡುಗನಿಗೆ ಓದಲು ಕೊಟ್ಟೆ. ಸ್ಪೇನಿನ ಒಂದು ರೈಲ್ವೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಒಬ್ಬ ಅಮೆರಿಕನ್ ಗಂಡಸು ತನ್ನ ಗರ್ಭಿಣಿ ಗೆಳತಿ ಜಿಗ್‌ಳನ್ನು ಗರ್ಭಪಾತಕ್ಕೆ ಒಪ್ಪಿಸಲು ನೋಡುವ ಕಥೆ ಅದು. ‘ಅವನು ಬಲವಂತ ಎಲ್ಲಿ ಮಾಡಿದ? ಬೇಡವಾದರೆ ಬೇಡ ಅಂತಾನೇ ಇದ್ದಾನೆ, ಅವಳೇ ರಂಪ ಮಾಡ್ತಾಳೆ’ ಅಂದರು. ಕೆಲಸ ಬಿಟ್ಟು ಪುಣೆಗೆ ಬಾ ಎನ್ನುವಾಗಲೂ ಅವರ ಮಾತು ಹೀಗೇ ಇರುತ್ತದೆ. ಒಂದು ಕಥೆಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅತಿಯಾಯಿತೇ?

ಉತ್ತರ: ಕಥೆ ದಕ್ಕಲಿಲ್ಲ ಎಂದು ಮದುವೆ ಮುರಿಯಬೇಕಿಲ್ಲ. 1927ರ ಈ ಕಥೆಯಲ್ಲಿ ಒಳ್ಳೊಳ್ಳೆ ಓದುಗರೂ ಜಾರುತ್ತಾರೆ. ಲೇಖಕ ಯಾರ ಪರವಾಗಿಯೂ ತುಟಿ ಬಿಚ್ಚುವುದಿಲ್ಲ, ಗರ್ಭಪಾತ ಎಂಬ ಪದವೇ ಅಲ್ಲಿಲ್ಲ. ಸರಸರ ಓದಿದರೆ ಆ ಅಮೆರಿಕನ್ ಗಂಡಸಿನದು ಸಮಾಧಾನದ ದನಿ, ಜಿಗ್‌ಳದು ಬರೀ ಕೊಂಕು ಎನಿಸುತ್ತದೆ.

ಇಬ್ಬರೂ ಕೂತು ಇನ್ನೊಮ್ಮೆ ಗಟ್ಟಿಯಾಗಿ ಓದಿ. ಕೆಲವೇ ಪುಟ, ಅರ್ಧ ಗಂಟೆ ಸಾಕು. ಜಿಗ್‌ಳ ಮಾತು ಅವರು ಓದಲಿ, ಗಂಡಸಿನದು ನೀವು. ‘ನಿನಗೆ ಬೇಡವಾದರೆ ಬೇಡ’ ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಆಸುಪಾಸಿನಲ್ಲೇ ‘ತುಂಬಾ ಸುಲಭ’ ಅನ್ನುವುದೂ ಸಿಗುತ್ತದೆ. ಇದನ್ನು ಮಾಡಿಸಿಕೊಂಡರೆ ಎಲ್ಲ ಮೊದಲಿನಂತಾಗುತ್ತದಾ, ನನ್ನನ್ನು ಪ್ರೀತಿಸ್ತೀಯಾ ಎಂದು ಅವಳು ಕೇಳಿದರೆ, ಈಗಲೂ ಪ್ರೀತಿಸ್ತೀನಲ್ಲ ಎನ್ನುತ್ತಾನೆ. ಕೇಳಿದ್ದು ನಾಳೆಯದು, ಉತ್ತರ ಇವತ್ತಿನದು.

ಇನ್ನೊಂದು ಕಡೆ ತಪ್ಪದೆ ನಿಲ್ಲಿಸಿ. ನಿನಗಾಗಿ ಏನು ಬೇಕಾದರೂ ಮಾಡ್ತೀನಿ ಅನ್ನುತ್ತಾನೆ. ಮಾತು ನಿಲ್ಲಿಸು ಅಂತ ಮಾತ್ರ ಅವಳು ಕೇಳುತ್ತಾಳೆ, ಏಳು ಸಲ ‘ಪ್ಲೀಸ್’ ಹೇಳಿ. ಲಗೇಜಿನ ಕಡೆ ನೋಡುತ್ತಾ ಒಂದು ಗಳಿಗೆ ಸುಮ್ಮನಿರುತ್ತಾನೆ, ಮತ್ತೆ ಅದೇ ರಾಗ. ಅವನ ಸ್ವಾರ್ಥ ಸಿಕ್ಕಿಬೀಳುವುದು ಇಲ್ಲಿ. ಇಷ್ಟು ಓದಿದ ಮೇಲೂ ‘ರಂಪ ಅವಳದೇ’ ಎಂದರೆ ಆ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ‘ನೀವೂ ಅವನ ಥರಾನೇ’ ಎಂದು ಮಾತ್ರ ಬಾಯಿ ಬಿಡಬೇಡಿ. ಅಲ್ಲಿಂದಾಚೆಗೆ ಅವರು ಕಥೆ ಬಿಟ್ಟು ಆ ಗಂಡಸಿನ ವಕಾಲತ್ತು ವಹಿಸುತ್ತಾರೆ.

ಆದರೆ ನಿಮ್ಮ ಪತ್ರದ ಭಾರವೆಲ್ಲ ಪುಣೆಯ ಸಾಲಿನಲ್ಲಿದೆ. ಎಬ್ರೊ ಕಣಿವೆಯ ಆ ಸ್ಟೇಷನ್ನಿನಲ್ಲಿ ಜಿಗ್‌ಗೆ ಸ್ಪ್ಯಾನಿಷ್ ಬಾರದು. ರೈಲು ಯಾವಾಗ ಬರುತ್ತದೆಂಬುದನ್ನೂ ಅವನೇ ತಿಳಿಸಿ ಹೇಳಬೇಕು. ಹೊಸ ಊರಿನಲ್ಲಿ ಸಂಬಳವೂ ಇಲ್ಲದೆ ಕೂತರೆ ನಿಮ್ಮ ಪಾಡೂ ಹೆಚ್ಚುಕಡಿಮೆ ಅದೇ.

ಪುಣೆಗೆ ವರ್ಗ ಸಿಗುತ್ತದೆಯೇ, ಎಷ್ಟು ದಿನ ಹಿಡಿಯುತ್ತದೆ ಎಂದು ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ. ಆಮೇಲೆ ಹುಡುಗನಿಗೆ ಒಂದೇ ಸಲ, ಕಾರಣಗಳ ಪಟ್ಟಿ ಕೊಡದೆ ಹೇಳಿ: ‘ವರ್ಗ ಆಗುವ ತನಕ ಕೆಲಸ ಬಿಡಲ್ಲ.’ ಕಾರಣ ಕೊಟ್ಟಿರೋ, ಒಂದೊಂದಕ್ಕೂ ಪರಿಹಾರ ಹಿಡಿದು ಬರುತ್ತಾರೆ, ಕೊನೆಗೆ ಹಟಮಾರಿ ಎನಿಸಿಕೊಳ್ಳುವವರು ನೀವು. ಹದಿನೈದು ದಿನ ಗಮನಿಸಿ. ಅರ್ಜಿ ಎಲ್ಲಿಗೆ ಬಂತು, ಪುಣೆಯಲ್ಲಿ ಯಾವ ಶಾಖೆ ಹತ್ತಿರವಾಗುತ್ತದೆ ಎಂದು ಅವರು ಕೇಳಿದರೆ ಒಳ್ಳೆಯದು. ‘ಬಲವಂತ ಏನಿಲ್ಲ, ಆದರೆ...’ ಮೂರನೇ ಸಲ ಬಂದರೆ, ಅಥವಾ ಅದೇ ಮಾತು ಅವರ ಅಮ್ಮನ ಫೋನಿನಲ್ಲಿ ಬರತೊಡಗಿದರೆ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಎರಡೂ ಮನೆಯ ಹಿರಿಯರನ್ನು ಕೂರಿಸಿ, ನೀವೂ ಅಲ್ಲೇ ಇದ್ದು ಮಾತಾಡಿ. ಛತ್ರಕ್ಕೆ ಕೊಟ್ಟ ಮುಂಗಡದ ಲೆಕ್ಕ ಆ ಮಾತಿನ ನಡುವೆ ಬಾರದಿರಲಿ.